ಫ್ಲಾಸ್ಕು ಮತ್ತು ಎಡಗೈ

"ಅಮ್ಮ, ನನ್ನ ಪಕ್ಕದ ಸಾಲಿನಲ್ಲಿ ಈಜುವ ಶಾಂಭವಿ ವೇಗ ಹೆಚ್ಚಿಸೋ ಯಾವುದೋ ಮದ್ದು ತಗೊಳ್ತಾಳಂತೆ, ನಮ್ಮ ಜೊತೆ ಈಜೋಳೊಬ್ಬಳು ಬಂದು ಹೇಳಿದಳು. ಕಮಿಟಿಯವರಿಗೆ ಹೇಳಿಬಿಡಲೇ, ಸುಮ್ಮನಿರಲೇ?" ಎಂದು ಶಿಷ್ಯೆ ಕೇಳಿದಳು.

ಗುರು ವಯಸ್ಸಾದ ಹೆಂಗಸು. ಊರಿನ ಅರ್ಧ ಹುಡುಗಿಯರಿಗೆ ಈಜು ಕಲಿಸಿದವರು. ಆ ಹುಡುಗಿಯರ ಮನೆಯಲ್ಲಿ ಏನು ನಡೆಯುತ್ತದೆ ಎನ್ನುವುದನ್ನೂ ಬಲ್ಲವರು. ಕೊಳದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು.

"ಹೇಳುವುದು ಬಿಡುವುದು ಆಮೇಲೆ. ಮೊದಲು ಒಂದು ಕತೆ ಕೇಳು," ಎಂದರು.

ಒಂದು ದೊಡ್ಡ ಪಂದ್ಯ. ದೇಶ ದೇಶದವರು ಬಂದಿದ್ದರು. ಅದರಲ್ಲಿ ಹೆಂಗಸರ ಬ್ರೆಸ್ಟ್‌ಸ್ಟ್ರೋಕ್ ಇತ್ತು. ನಾವು ಕಪ್ಪೆ ಈಜು ಅನ್ನುತ್ತೇವಲ್ಲ, ಅದು. ಆ ತುದಿಗೆ ಹೋಗಿ ಗೋಡೆ ಮುಟ್ಟಬೇಕು, ತಿರುಗಿ ಈ ತುದಿಗೆ ಬರಬೇಕು. ಅದಕ್ಕೆ ಒಂದು ನಿಯಮ. ಗೋಡೆ ಮುಟ್ಟುವಾಗ ಎರಡು ಕೈಯೂ ಒಟ್ಟಿಗೆ ತಾಗಬೇಕು. ಒಂದೇ ಕೈ ತಾಗಿಸಿದರೆ ಬೇಗ ತಿರುಗಬಹುದು. ಆದರೆ ಹಾಗೆ ತಿರುಗಿದವಳು ಎಷ್ಟೇ ಮುಂದೆ ಬಂದರೂ ಲೆಕ್ಕಕ್ಕಿಲ್ಲ.

ಆಗ ನೀರಿನೊಳಗೆ ಕ್ಯಾಮೆರಾ ಇಡುತ್ತಿರಲಿಲ್ಲ. ಪ್ರತಿ ಸಾಲಿನ ತುದಿಯಲ್ಲಿ ಒಬ್ಬ ತೀರ್ಪುಗಾತಿ ಬಗ್ಗಿ ನಿಂತು ಈಜುವವಳ ಕೈ ನೋಡುತ್ತಿದ್ದಳು. ತಪ್ಪು ಕಂಡರೆ ತನ್ನ ಕೈ ಎತ್ತುತ್ತಿದ್ದಳು. ಕಾಣದಿದ್ದರೆ ತಪ್ಪೇ ಇಲ್ಲ.

ಆ ಪಂದ್ಯಕ್ಕೆ ಒಬ್ಬ ಹಳಬಳು ಬಂದಿದ್ದಳು. ಹಿಂದೆ ಎರಡು ಸಲ ಎರಡನೆಯವಳಾಗಿ ನಿಂತು ಬೆಳ್ಳಿ ಹಾಕಿಸಿಕೊಂಡು ಹೋದವಳು. ವಯಸ್ಸು ದಾಟುತ್ತಿತ್ತು. ಇದೇ ಕೊನೆ ಎಂದು ಅವಳಿಗೂ ಗೊತ್ತು, ಅವಳನ್ನು ಕಳಿಸಿದವರಿಗೂ ಗೊತ್ತು. ಈ ಸಲ ಚಿನ್ನ ಬಾರದಿದ್ದರೆ ಇನ್ನು ಬರುವುದಿಲ್ಲ. ಮದುವೆಯಾಗಬೇಕಾಗಿದ್ದ ಗಂಡು ಕಾದು ಕಾದು ಅವಳ ಚಿಕ್ಕಮ್ಮನ ಮಗಳನ್ನೇ ಕಟ್ಟಿಕೊಂಡನಂತೆ. ಅದು ಬೇರೆ ಕತೆ.

ಯಾರೂ ಹೆಸರು ಕೇಳದ ಊರಿನಿಂದ ಒಬ್ಬ ಹೊಸ ಹುಡುಗಿಯೂ ಬಂದಳು. ಹೋದ ವರ್ಷ ಎಲ್ಲೋ ಹಿಂದೆ ಬಿದ್ದಿದ್ದವಳು, ಈ ವರ್ಷ ಮೊದಲ ಸುತ್ತಿನಲ್ಲೇ ಎಲ್ಲರಿಗಿಂತ ಮುಂದೆ. ಅಂಥದು ಸುಮ್ಮಸುಮ್ಮನೆ ಆಗುತ್ತದೆಯೇ? ಏನೋ ಇರಲೇಬೇಕು. ಇತ್ತು ಕೂಡ.

ಮಾರನೆಯ ದಿನ ಆ ಹುಡುಗಿ ಅಭ್ಯಾಸ ಮಾಡುವಾಗ ಹಳಬಳು ಗೋಡೆಯ ಬದಿಯಲ್ಲೇ ಹೋಗಿ ಕೂತಳು. ಕಣ್ಣು ಪಳಗಿದ ಹೆಂಗಸು. ಹುಡುಗಿ ಬಂದಳು, ಬಲಗೈ ಗೋಡೆಗೆ ತಾಗಿತು, ತಿರುಗಿ ಹೋದಳು. ಎಡಗೈ ತಾಗಿದ ಹಾಗೆ ಕಾಣಲಿಲ್ಲ. ನೊರೆ ಇತ್ತು, ಖಚಿತವಾಗಲಿಲ್ಲ. ಹಳಬಳು ಹೋಗಿ ತನ್ನ ತರಬೇತುದಾರನಿಗೆ ಹೇಳಿದಳು. ಅವನು, "ಇನ್ನೊಂದು ಸಲ ಸರಿಯಾಗಿ ನೋಡಿಕೊಂಡು ಬಾ. ನಿಜವಾದರೆ ತೀರ್ಪುಗಾರರ ಕಿವಿಗೆ ಮೊದಲೇ ಹಾಕೋಣ, ಆ ಸಾಲಿನ ತೀರ್ಪುಗಾತಿ ಕಣ್ಣಿಟ್ಟು ನೋಡಲಿ," ಎಂದ.

ಅವಳು ವಾಪಸು ಬಂದು ಕೂತಳು. ಕೂತ ಸ್ವಲ್ಪ ಹೊತ್ತಿಗೇ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ಕೂತಳು. ಆ ಹೊಸ ಹುಡುಗಿಯ ತಂಡದಲ್ಲೇ ಮೈ ತಿಕ್ಕುವ ಕೆಲಸದವಳು.

"ಏನಕ್ಕ, ನಮ್ಮ ಹುಡುಗಿಯನ್ನೇ ನೋಡ್ತಾ ಇದ್ದೀರಿ?"

"ಚೆನ್ನಾಗಿ ಈಜ್ತಾಳೆ."

"ಈಜದೆ ಏನು. ಆ ನೀಲಿ ಫ್ಲಾಸ್ಕು ಇರೋ ತನಕ ಈಜ್ತಾಳೆ."

"ಯಾವ ಫ್ಲಾಸ್ಕು?"

"ನಾನೇನೂ ಹೇಳಿಲ್ಲಮ್ಮ. ಅವರ ಅನ್ನ ತಿನ್ನೋಳು ನಾನು. ಸಾಯಂಕಾಲ ಬಟ್ಟೆ ಬದಲಿಸೋ ಕೋಣೆ ಹಿಂದೆ ನೀವೇ ಹೋಗಿ ನೋಡಿ. ಆ ತರಬೇತಿಯವನು ತನ್ನ ಕೈಯಾರೆ ಕುಡಿಸ್ತಾನೆ. ಕುಡಿಸೋದು ಒಂದೇನಾ, ಅದು ಆ ಭಗವಂತನಿಗೇ ಗೊತ್ತು."

ಇಷ್ಟು ಹೇಳಿ ಅವಳು ಸೆರಗಿನ ಹಾಗೆ ಟವಲನ್ನು ಬಾಯಿಗೆ ಅಡ್ಡ ಹಿಡಿದು ಎದ್ದು ಹೋದಳು.

ಹುಡುಗಿ ಆಮೇಲೂ ಹಲವು ಸಲ ಗೋಡೆ ಮುಟ್ಟಿ ತಿರುಗಿದಳು. ಹಳಬಳು ಅಲ್ಲೇ ಕೂತಿದ್ದಳು. ಆದರೆ ಅವಳು ನೋಡುತ್ತಿದ್ದದ್ದು ಆಚೆ ಬೆಂಚಿನ ಮೇಲಿದ್ದ ನೀಲಿ ಫ್ಲಾಸ್ಕನ್ನು.

ಸಾಯಂಕಾಲ ಕೋಣೆಯ ಹಿಂದೆ ಹೋಗಿ ನಿಂತಳು. ಹುಡುಗಿಯೂ ಅವಳ ತರಬೇತುದಾರನೂ ಬಂದರು. ತರಬೇತುದಾರ ಫ್ಲಾಸ್ಕಿನ ಮುಚ್ಚಳಕ್ಕೆ ಸುರಿದು ಕೊಟ್ಟ. ಹುಡುಗಿ ಕಣ್ಣು ಮುಚ್ಚಿಕೊಂಡು ಕುಡಿದಳು. ಅವನು ಟವಲಿನಿಂದ ಅವಳ ಬಾಯಿ ಒರೆಸಿದ. ಬೆಳೆದ ಹುಡುಗಿಯ ಬಾಯಿ ಒರೆಸುವ ಗಂಡಸು. ಇನ್ನೇನು ಸಾಕ್ಷಿ ಬೇಕು ಹೇಳು. ಹೋಗುವಾಗ ಅವನು ಆ ಕಡೆ ಈ ಕಡೆ ನೋಡಿದ. ಮುಚ್ಚಿಡುವವರು ಹಾಗೆ ನೋಡುತ್ತಾರೆ. ಯಾರಾದರೂ ನೋಡಲಿ ಎನ್ನುವವರೂ ಹಾಗೇ ನೋಡುತ್ತಾರೆ. ಅದು ಅವಳಿಗೆ ಹೊಳೆಯಲಿಲ್ಲ.

ಊಟದ ಹೊತ್ತಿಗೆ ಮೆಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅದೇ. ಅಂಥ ಮದ್ದು ಕುಡಿದ ಹೆಂಗಸಿಗೆ ಗಂಡಸಿನ ಲಕ್ಷಣ ಬರುತ್ತದಂತೆ. ಒಬ್ಬಳು ಆ ಹುಡುಗಿಯ ದನಿ ಗಡುಸು ಎಂದಳು. ಇನ್ನೊಬ್ಬಳು ಭುಜ ಹೆಂಗಸಿನದಲ್ಲ ಎಂದಳು. ಗದ್ದದಲ್ಲಿ ಗಂಡಸರಂಥ ಕೂದಲಿದೆ, ಬೆಳಗ್ಗೆ ಬೇಗ ಎದ್ದು ಬೋಳಿಸಿಕೊಳ್ಳುತ್ತಾಳೆ ಎಂದು ಮತ್ತೊಬ್ಬಳು ಕಣ್ಣಾರೆ ಕಂಡವಳ ಹಾಗೆ ಹೇಳಿದಳು. ಬಡಿಸುವವರು ಬಡಿಸುವುದನ್ನು ಬಿಟ್ಟು ಕೇಳಿದರು. ಆ ಊಟದ ಮನೆಯಲ್ಲೇ ತೀರ್ಪುಗಾತಿಯರೂ ಉಣ್ಣುತ್ತಿದ್ದರು.

ಹಳಬಳ ತರಬೇತುದಾರ ಅವಳನ್ನು ಕೇಳಿದ. "ಎಡಗೈ ವಿಷಯ ಏನಾಯ್ತು? ನೋಡಿದೆಯಾ?"

"ಕೈ ಬಿಡಿ ಸಾರ್. ಕೈ ತಪ್ಪಿದರೆ ಅವಳಿಗೆ ಈ ಒಂದು ಪಂದ್ಯ ಹೋಗ್ತದೆ. ಈ ಮದ್ದು ಸಿಕ್ಕಿದರೆ ಮಾನವೇ ಹೋಗ್ತದೆ. ಇನ್ನು ಮೇಲೆ ಅವಳು ನೀರಿಗೇ ಇಳಿಯಬಾರದು."

"ನಿನಗೆ ಬೇಕಾದ್ದು ಚಿನ್ನ ತಾನೇ?"

ಅವಳು ನೇರ ಅಧಿಕಾರಿಗಳ ಹತ್ತಿರ ಹೋಗಿ, ಆ ಹುಡುಗಿ ಮದ್ದು ತಗೊಳ್ಳುತ್ತಾಳೆ ಎಂದು ದೂರು ಕೊಟ್ಟಳು. ಅವರು, ಪಂದ್ಯ ಮುಗಿದ ಕೂಡಲೇ ಹುಡುಗಿಯನ್ನೂ ಫ್ಲಾಸ್ಕನ್ನೂ ಪರೀಕ್ಷೆ ಮಾಡುತ್ತೇವೆ ಎಂದರು. ಕೈಯ ಮಾತನ್ನು ಅವಳು ಅಲ್ಲಿ ಎತ್ತಲೇ ಇಲ್ಲ.

ಕೊನೆಯ ಪಂದ್ಯದ ದಿನ ಬಂತು. ನಾಲ್ಕನೆಯ ಸಾಲಿನಲ್ಲಿ ಹೊಸ ಹುಡುಗಿ, ಐದನೆಯದರಲ್ಲಿ ಹಳಬಳು. ಸೀಟಿ ಊದಿದರು, ಹಾರಿದರು. ಹೋಗುವಾಗ ಹಳಬಳೇ ಒಂದು ತಲೆಯಷ್ಟು ಮುಂದಿದ್ದಳು. ಆ ತುದಿಯಲ್ಲಿ ಎರಡು ಕೈಯನ್ನೂ ಗೋಡೆಗೆ ಒತ್ತಿ, ನಿಯಮದ ಪ್ರಕಾರ ತಿರುಗಿದಳು. ತಿರುಗಿ ನೋಡುವಷ್ಟರಲ್ಲಿ ಹುಡುಗಿ ಅವಳಿಗಿಂತ ಮುಂದಿದ್ದಳು.

ಅಲ್ಲಿ, ನಾಲ್ಕನೆಯ ಸಾಲಿನ ತುದಿಯಲ್ಲಿ, ತೀರ್ಪುಗಾತಿ ಬಗ್ಗಿ ನಿಂತೇ ಇದ್ದಳು. ಹುಡುಗಿ ಗೋಡೆಗೆ ಬಂದಾಗ ಮುಖ ನೀರಿನ ಮೇಲೆ ಬಂತು. ಗದ್ದದಲ್ಲಿ ಕೂದಲಿದೆಯೇ ಎಂದು ತೀರ್ಪುಗಾತಿ ನೋಡಿದಳು. ಕೂದಲಿರಲಿಲ್ಲ. ಮತ್ತೆ ಕೈಯ ಕಡೆ ನೋಡುವಷ್ಟರಲ್ಲಿ ಹುಡುಗಿ ಹೋಗಿಯಾಗಿತ್ತು. ಕಾಣದ ತಪ್ಪಿಗೆ ಕೈ ಎತ್ತುವ ಹಾಗಿಲ್ಲ. ಅವಳು ಎತ್ತಲಿಲ್ಲ.

ಹಳಬಳು ಅಟ್ಟಿಸಿಕೊಂಡು ಬಂದಳು. ಒಂದು ಬೆರಳಿನಷ್ಟರಲ್ಲಿ ಸೋತಳು. ಮೂರನೆಯ ಸಲವೂ ಬೆಳ್ಳಿ.

ಸೋತರೂ ಅವಳ ಮುಖ ಬಾಡಲಿಲ್ಲ. ಮದ್ದು ಸಿಕ್ಕರೆ ಚಿನ್ನ ತನ್ನ ಕೊರಳಿಗೇ ಬರುತ್ತದಲ್ಲ ಎಂದು ಕಾದಳು. ಹುಡುಗಿಯನ್ನು ಕೋಣೆಗೆ ಕರೆದುಕೊಂಡು ಹೋದರು. ಒಬ್ಬ ಅಧಿಕಾರಿಣಿ ಎದುರಿಗೇ ನಿಂತು ಅವಳಿಂದ ಮೂತ್ರ ಮಾಡಿಸಿ ಸೀಸೆಯಲ್ಲಿ ಹಿಡಿದಳು. ವಯಸ್ಸಿನ ಹುಡುಗಿಗೆ ಅದಕ್ಕಿಂತ ಅವಮಾನ ಬೇರೆ ಬೇಕೆ. ಹೊರಗೆ ಎಲ್ಲರೂ ನೆರೆದಿದ್ದರು. ಹುಡುಗಿಯ ತರಬೇತುದಾರ ನೀಲಿ ಫ್ಲಾಸ್ಕನ್ನು ಎರಡು ಕೈಯಲ್ಲಿ ಹಿಡಿದು ತಾನೇ ತಂದುಕೊಟ್ಟ.

"ಇದನ್ನೂ ತಗೊಂಡು ಹೋಗಿ ಸ್ವಾಮಿ. ಬೇಕಾದರೆ ಒಂದು ಗುಟುಕು ಕುಡಿದು ನೋಡಿ," ಎಂದ.

ಪರೀಕ್ಷೆಯ ಫಲ ಬಂತು. ಹುಡುಗಿಯ ಮೈಯಲ್ಲಿ ಏನೂ ಇಲ್ಲ. ಫ್ಲಾಸ್ಕಿನಲ್ಲಿ ಇದ್ದದ್ದು ಸಕ್ಕರೆ ಕದಡಿದ ಬಿಸಿನೀರು.

ಮೆಸ್ಸಿನಲ್ಲಿ ಗದ್ದದ ಕೂದಲು ಕಂಡವಳೇ ಮೊದಲು ಹೋಗಿ ಹುಡುಗಿಯ ಕೈ ಹಿಡಿದುಕೊಂಡಳು. ತೀರ್ಪುಗಾತಿಯೂ ಹೋದಳು. ಹಳಬಳಿಗೆ ನಾಚಿಕೆಯಾಯಿತು. ಹೂವು ತಗೊಂಡು ಹೋಗಿ ಎಲ್ಲರೆದುರಿಗೆ, "ನನ್ನದು ತಪ್ಪಾಯ್ತಮ್ಮ, ಕ್ಷಮಿಸು," ಎಂದಳು.

"ಬಿಡಿ ಅಕ್ಕ," ಎಂದು ಹುಡುಗಿ ಅತ್ತಳು. ಪಾಪ, ಮಗು ಎಷ್ಟು ನೊಂದಿದೆ ಎಂದು ನೋಡಿದವರೂ ಕಣ್ಣೊರೆಸಿಕೊಂಡರು.

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯೆ ತಲೆ ತಗ್ಗಿಸಿದಳು. "ಗೊತ್ತಾಯ್ತಮ್ಮ. ಸುಮ್ಮನೆ ಒಬ್ಬಳ ಮೇಲೆ ಅನುಮಾನ ಪಡಬಾರದು. ಶಾಂಭವಿಯ ವಿಷಯ ನಾನು ಇಲ್ಲಿಗೇ ಬಿಟ್ಟೆ."

"ನಿನಗೆ ಏನು ಗೊತ್ತಾಯ್ತು?" ಎಂದು ಗುರು ನಕ್ಕರು. "ಅನುಮಾನ ಪಡದೆ ಬದುಕೋಕಾಗ್ತದೇನೇ? ಕತೆ ಇನ್ನೂ ಇದೆ, ಕೇಳು."

ಕೆಲವು ವರ್ಷ ಕಳೆಯಿತು. ಆ ಮೈ ತಿಕ್ಕುವ ಹೆಂಗಸಿಗೂ ಹುಡುಗಿಯ ತರಬೇತುದಾರನಿಗೂ ಜಗಳ ಬಿತ್ತು. ಯಾಕೆ ಬಿತ್ತು ಎಂದು ನನ್ನನ್ನು ಕೇಳಬೇಡ, ಹೇಳಲು ಕೂತರೆ ಸಂಜೆಯಾಗುತ್ತದೆ. ಸಿಟ್ಟಿನಲ್ಲಿ ಅವಳು ಬಾಯಿ ಬಿಟ್ಟಳು. ಎರಡು ಕೈಯಲ್ಲಿ ತಿರುಗಿದರೆ ಆ ಹುಡುಗಿ ಮೂರನೆಯವಳೂ ಆಗುತ್ತಿರಲಿಲ್ಲವಂತೆ. ಎಡಗೈಯನ್ನು ನೊರೆಯಲ್ಲಿ ಮುಚ್ಚಿ, ಬಲಗೈ ಒಂದನ್ನೇ ತಾಗಿಸಿ ತಿರುಗುವುದನ್ನು ವರ್ಷವಿಡೀ ಅವನೇ ಕಲಿಸಿದನಂತೆ. ಹಳಬಳು ಗೋಡೆಯ ಬದಿಯಲ್ಲಿ ಬಂದು ಕೂತದ್ದನ್ನು ಕಂಡು, "ಹೋಗು, ಆ ಹೆಂಗಸಿಗೆ ಫ್ಲಾಸ್ಕಿನ ವಿಷಯ ಹೇಳು. ಹೇಳಬಾರದ್ದನ್ನು ಹೇಳುವ ಹಾಗೆ ಹೇಳು," ಎಂದು ಇವಳನ್ನು ಕಳಿಸಿದವನೂ ಅವನೇ.

ಹಳಬಳ ಕಿವಿಗೆ ಇದು ಬಿತ್ತು. ಅವಳು ಅಧಿಕಾರಿಗಳ ಬಾಗಿಲಿಗೆ ಓಡಿದಳು. ಅವರು ಕೂರಿಸಿ ಕಾಫಿ ಕೊಟ್ಟರು. ಆಮೇಲೆ ಕೇಳಿದರು.

"ಅವತ್ತು ಆ ಹುಡುಗಿಯ ಮೇಲೆ ಸುಳ್ಳು ದೂರು ಕೊಟ್ಟವರು ನೀವೇ ಅಲ್ಲವೇ?"

"ನಾನೇ."

"ಆಗ ಕೈಯ ವಿಷಯ ಯಾಕೆ ಹೇಳಲಿಲ್ಲ?"

ಅವಳು ಕಾಫಿ ಕುಡಿದು ಎದ್ದು ಬಂದಳು. ಚಿನ್ನ ಇವತ್ತಿಗೂ ಆ ಹುಡುಗಿಯ ಮನೆಯ ಗೋಡೆಯ ಮೇಲೇ ತೂಗುತ್ತಿದೆ.

ಶಿಷ್ಯೆಗೆ ದಾರಿ ತಪ್ಪಿದ ಹಾಗಾಯಿತು. "ಹಾಗಾದರೆ ಶಾಂಭವಿಯೂ ಏನೋ ಮಾಡ್ತಿರಬಹುದು ಅಂತೀರಾ? ನಾನು ಅವಳ ಕೈ ನೋಡಲೇ, ಬಾಟಲಿ ನೋಡಲೇ?"

ಗುರು ಕಾಲನ್ನು ನೀರಿನಿಂದ ಎತ್ತಿಕೊಂಡರು.

"ಶಾಂಭವಿಯ ಸುದ್ದಿಯನ್ನು ನಿನ್ನ ಹತ್ತಿರ ಬಂದು ಹೇಳಿದಳಲ್ಲ ಒಬ್ಬಳು, ಹೋಗಿ ಅವಳು ಈಜುವುದನ್ನು ನೋಡಿಕೊಂಡು ಬಾ."

ಶಿಷ್ಯೆ ಎದ್ದು, ಸುದ್ದಿ ತಂದವಳ ಸಾಲಿನ ಗೋಡೆಯ ಬದಿಗೆ ಹೋಗಿ ಕೂತಳು.