ಹೊರಗಿನ ಅಖಾಡಕ್ಕೆ ಹೆದರಿದ ಚಿಕ್ಕಜವರ

ಇಲ್ಲಿ ಒರಗು, ಹೊದಿಕೆ ಒದೀಬೇಡ. ಹೂಂ ಅಂತಿರಬೇಕು, ಇಲ್ದಿದ್ರೆ ನಾನು ಹೇಳಲ್ಲ ನೋಡು.

ಒಂದಾನೊಂದು ಕಾಲದಲ್ಲಿ, ನಿಮ್ಮ ತಾತನಿಗೂ ಇನ್ನೂ ಹಾಲುಹಲ್ಲು ಬಂದಿರ್ಲಿಲ್ಲ, ಆವಾಗ ಹೊಂಗೆಹಳ್ಳೀಲಿ ಒಂದು ಗರಡಿಮನೆ ಇತ್ತಂತೆ. ಅಲ್ಲಿ ಕುಸ್ತಿ ಕಲಿಸೋ ವಸ್ತಾದ್ ಕರೀಗೌಡ, ಅವನ ಕೈಕೆಳಗೆ ಚಿಕ್ಕಜವರ ಅಂತ ಒಬ್ಬ ಪೈಲ್ವಾನ. ಆಳು ಅಂದ್ರೆ ಆಳು! ಬೆಳಗಾನೆದ್ದು ಐನೂರು ಬಸ್ಕಿ ಹೊಡೆದು, ಒಂದು ತಪ್ಪಲೆ ಅಂಬಲಿ ಕುಡಿದು, ಗರಡಿಗೆ ಬಂದೋರ್ನೆಲ್ಲ ಚಿತ್ ಮಾಡ್ತಿದ್ನಂತೆ. ಏನು ಬಂತು, ಹೊರಗಿನ ಅಖಾಡಕ್ಕೆ ಹೋದ್ರೆ ಮಾತ್ರ ಕೈಕಾಲು ತಣ್ಣಗಾಗಿಬಿಡೋದಂತೆ ಪಾಪ.

ಮೊದಲನೇ ಸಲ ಹೋದ, ಎದುರಾಳಿ ತೊಡೆ ತಟ್ಟಿದ ಸದ್ದಿಗೇ ಬೆಚ್ಚಿ, ಕಣ್ಣು ಮುಚ್ಚಿ ಬಿಡೋದ್ರೊಳಗೆ ಬೆನ್ನು ಮಣ್ಣಿಗೆ ಬಿದ್ದಿತ್ತಂತೆ. ಆಮೇಲೆ ಎರಡನೇ ಸಲ ಹೋದ, ಎದುರಾಳಿ ಮೀಸೆ ನೋಡಿ, ಜನ ಕೂಗೋದು ಕೇಳಿ, ಕಲಿತ ಪಟ್ಟೆಲ್ಲ ಮರೆತು ಮತ್ತೆ ಬಿದ್ನಂತೆ. ಮನೆಗೆ ಬಂದು ಅವ್ವನ ಮುಂದೆ ಗಳಗಳ ಅಂತ ಅತ್ತುಬಿಟ್ಟ. ಅಷ್ಟು ದೊಡ್ಡ ಆಳು ಅತ್ರೆ ಯಾರಿಗೆ ಕರುಳು ಚುರುಕ್ ಅನ್ನಲ್ಲ ಹೇಳು? ಇನ್ನೊಂದು ಸಲ ಸೋತ್ರೆ ಕಾಚ ಬಿಚ್ಚಿಟ್ಟು ಕುರಿ ಕಾಯೋಕೆ ಹೋಗ್ತೀನಿ ಕಣವ್ವಾ, ಗರಡಿ ಬಾಗಿಲು ತುಳಿಯಲ್ಲ ಅಂದ್ನಂತೆ. ಅವನಿಗೆ ಕುಸ್ತಿ ಅಂದ್ರೆ ಪ್ರಾಣ ಕಣೇ.

ಈ ಮಾತು ವಸ್ತಾದನ ಕಿವಿಗೆ ಬಿತ್ತು. ಬೈಲಿಲ್ಲ, ತಾಯಿತ ಕಟ್ಟಿಸ್ಲಿಲ್ಲ. ಲೋ ಮಗಾ, ಕುಸ್ತಿಗೆ ಮುಂಚೆ ಇಬ್ರೂ ಮಣ್ಣು ಉಜ್ಜಿ ಕೈ ಹಿಡ್ಕೋತೀರಲ್ಲ, ನೀನು ಎರಡು ಸಲಾನೂ ಕಾದ ಹೆಂಚು ಮುಟ್ಟಿದೋನ ಹಂಗೆ ಕೈ ಕಿತ್ಕೊಂಡೆ. ಈ ಸಲ ಹತ್ತು ಎಣಿಸೋವರ್ಗೂ ಹಿಡ್ಕೊಂಡಿರು, ನಂಗೆ ಅಷ್ಟು ಸಾಕು ಅಂದ್ನಂತೆ.

ಆಮೇಲೆ ಮೂರನೇ ಸಲ ಎದುರಿಗೆ ನಿಂತಿದ್ದು ಯಾರು ಅಂತೀಯ? ಕೆಂಪಣ್ಣ ಪೈಲ್ವಾನ! ಏಳು ವರ್ಷದಿಂದ ಯಾರಿಗೂ ಸೋತೋನಲ್ಲ. ಚಿಕ್ಕಜವರ ಕೈ ಹಿಡಿದು ಒಂದು, ಎರಡು, ಮೂರು ಅಂತ ಎಣಿಸ್ದ. ಅಯ್ಯೋ ಶಿವನೇ, ಆ ಕೈ ಬೆವರಿ ಒದ್ದೆಯಾಗಿ ಗಡಗಡ ನಡುಗ್ತಿದೆ! ಇವನು ಮೆಲ್ಲಗೆ, ಯಾಕಣ್ಣಾ ಹುಷಾರಿಲ್ವಾ ಅಂದ. ಕೆಂಪಣ್ಣ ಇನ್ನೂ ಮೆಲ್ಲಗೆ, ಸುಮ್ನಿರೋ ತಮ್ಮಾ, ಕುಸ್ತಿ ಇದ್ದ ದಿನ ನಂಗೆ ತುತ್ತು ಗಂಟಲಲ್ಲಿ ಇಳಿಯಲ್ಲ, ಏಳು ವರ್ಷದಿಂದ ಹಿಂಗೇ ಅಂದ್ನಂತೆ.

ಚಿಕ್ಕಜವರನಿಗೆ ಎದೆ ಮೇಲಿನ ಭಾರ ಇಳಿದಂಗಾಯ್ತು. ಭಯ ಇರೋನು ಪೈಲ್ವಾನನೇ ಅಲ್ಲ ಅಂತ ಇಷ್ಟು ದಿನ ತಿಳ್ಕೊಂಡಿದ್ದ ಪೆದ್ದ! ಮೀಸೆ ನೋಡೋದು ಬಿಟ್ಟು ಎದುರಾಳಿ ಕಾಲು ನೋಡ್ದ, ಪಟ್ಟು ನೆನಪಾಯ್ತು, ಸೊಂಟಕ್ಕೆ ಕೈ ಹಾಕಿ ಎತ್ತಿ ಧೊಪ್ ಅಂತ ಕೆಡವಿಬಿಟ್ಟ. ಜನ ಹೆಗಲ ಮೇಲಿನ ವಲ್ಲಿಬಟ್ಟೆ ಹಾರಿಸಿ ಕೂಗಿದ್ದೇ ಕೂಗಿದ್ದು. ಕೆಂಪಣ್ಣನೇ ಎದ್ದು ಮಣ್ಣು ಕೊಡವಿ, ಅವನನ್ನ ಹೆಗಲ ಮೇಲೆ ಕೂರಿಸ್ಕೊಂಡು ಕುಣಿದ್ನಂತೆ.

ಭಯ ಹೋಯ್ತಾ ಅಂತೀಯಾ? ಎಲ್ಲಿಗೆ ಹೋಗುತ್ತೆ, ಮುದುಕ ಆಗೋವರ್ಗೂ ಇತ್ತಂತೆ. ಅದನ್ನೂ ಜೊತೇಲಿ ಕರ್ಕೊಂಡೇ ಅಖಾಡಕ್ಕೆ ಇಳೀತಿದ್ನಂತೆ, ಗೆದ್ದು ಮನೆಗೆ ಬರ್ತಿದ್ನಂತೆ. ಅಲ್ಲಿ ಅವನು ಸುಖವಾಗಿದ್ದ, ಇಲ್ಲಿ ನನ್ನ ಕತೆ ಮುಗೀತು, ಕಣ್ಣು ಮುಚ್ಚು.