ಕೆರೆಯ ರಕ್ಕಸಿಗೆ ಉತ್ತರ ಕೊಟ್ಟ ಚಾಪೆಯವಳು

ಡಂಗುರದವನು ಅಲಗೂರಿನ ಬೀದಿಬೀದಿಗೂ ಬಂದು ತಮಟೆ ಬಡಿದು ಸಾರಿದ: "ಕೇಳ್ರಪ್ಪೋ ಕೇಳಿ, ಸಿಂಗಭೂಪ ಮಹಾರಾಜರ ಅಪ್ಪಣೆ. ಊರ ನಡುವಿನ ಕೆರೆಯಲ್ಲಿ ರಕ್ಕಸಿ ಎದ್ದವಳೆ. ಅವಳ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತೆ. ತಪ್ಪಿದವರನ್ನು ಅವಳು ನುಂಗ್ತಾಳೆ. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ಊರನ್ನೇ ನುಂಗ್ತಾಳಂತೆ."

ರಕ್ಕಸಿ ಸುಮ್ಮಸುಮ್ಮನೆ ಎದ್ದಿರಲಿಲ್ಲ. ಮೂರು ವರ್ಷದ ಹಿಂದೆ ರಾಜನಿಗೆ ಕೆರೆಯ ಸುತ್ತ ಅಡ್ಡಾಡಲು ಅಂದವಾದ ಹಾದಿ ಬೇಕು ಅನ್ನಿಸಿತು. ದಡದ ಜೊಂಡು ಅವನ ಕಣ್ಣಿಗೆ ಕೊಳಕು. ಬೇರುಸಮೇತ ಕೀಳಿಸಿದ. ಆ ಜೊಂಡು ಕೊಯ್ದು ಚಾಪೆ ಹೆಣೆದು ಬದುಕುತ್ತಿದ್ದ ಹದಿನೆಂಟು ಮನೆಯವರನ್ನು ಊರಾಚೆಗೆ ಅಟ್ಟಿದ. ನೀರಿನಂಚಿಗೇ ಆಳೆತ್ತರದ ಕಲ್ಲುಗೋಡೆಯನ್ನು ನೆಟ್ಟಗೆ ನಿಲ್ಲಿಸಿದ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಜಾಗಕ್ಕೆ ಮಣ್ಣು ತುಂಬಿ ತನಗೊಂದು ಹೂದೋಟ, ಅದರ ನಡುವೆ ಮಂಟಪ ಮಾಡಿಕೊಂಡ. ಮೊದಲ ಮಳೆಗಾಲಕ್ಕೇ ಗೋಡೆ ಕುಸಿಯಿತು. ಮತ್ತೆ ಕಟ್ಟಿಸಿದ, ಮತ್ತೆ ಕುಸಿಯಿತು. ಮೂರನೆಯ ಸಲ ನೀರು ಅಗಸರ ಬೀದಿಗೆ ನುಗ್ಗಿ ಏಳು ಮನೆ ಎಳೆದುಕೊಂಡು ಹೋಯಿತು, ರಾಜನ ಮಂಟಪವೂ ಬಿರುಕು ಬಿಟ್ಟಿತು. ಆಗ ಎದ್ದಳು ರಕ್ಕಸಿ.

ಓಡಿಸಿದ ಚಾಪೆಯವರಲ್ಲಿ ಚಿಕ್ಕತಾಯಿ ಅನ್ನುವ ಹುಡುಗಿ ಇದ್ದಳು. ಡಂಗುರ ಕಿವಿಗೆ ಬಿದ್ದದ್ದೇ ಅವಳ ಹೊಟ್ಟೆಗೆ ಬೆಂಕಿ ಬಿತ್ತು. ನಮ್ಮ ಹದಿನೆಂಟು ಮನೆ ಹೋದಾಗ ಯಾರೂ ತಮಟೆ ಬಡಿಯಲಿಲ್ಲ, ಮಂಟಪ ಬಿರುಕು ಬಿಟ್ಟಿತು ಅಂದರೆ ಊರೆಲ್ಲ ಸದ್ದು ಅಂದುಕೊಂಡಳು. ಜೊಂಡು ಕೊಯ್ಯುವ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿದಳು.

"ರಾಜರ ಉಸಾಬರಿ ನಮಗ್ಯಾಕವ್ವ, ಬೇರೆ ಕೆರೆ ನೋಡಿಕೊಂಡರಾಯಿತು" ಅಂದಳು ಅವಳ ಅವ್ವ.

"ಕೆರೆಗೊಬ್ಬ ರಾಜ ಇದ್ದೇ ಇರ್ತಾನವ್ವ" ಅಂದು ಚಿಕ್ಕತಾಯಿ ಹೊರಟಳು.

ಕೆರೆಯ ಬಳಿ ಜನ ಇರುವೆಯ ಹಾಗೆ ನೆರೆದಿತ್ತು, ರಾಜನೂ ಮಂತ್ರಿಯೂ ದಡದ ಮೇಲೆ ನಿಂತಿದ್ದರು. ರಕ್ಕಸಿ ಎದೆಮಟ್ಟ ನೀರಲ್ಲಿ ನಿಂತಿದ್ದಳು, ತಲೆತುಂಬ ಪಾಚಿ. ಅವಳ ಮೊದಲ ಒಗಟು ಇದು: "ಸಾವಿರ ಏಟು ತಿಂದರೂ ತಿರುಗಿ ಹೊಡೆಯೋದಿಲ್ಲ. ಬಾಗಿ ಬಾಗಿಯೇ ಹೊಡೆದವನನ್ನು ಸುಸ್ತುಮಾಡಿ ಮಲಗಿಸುತ್ತೆ. ಏನದು?"

ಪಕ್ಕದ ಸೀಮೆಯ ದೊರೆಮಗ ಮೀಸೆ ತಿರುವಿ ತನ್ನ ಆನೆಯ ಹೆಸರು ಹೇಳಿದ. ಗುಳುಂ. ಗೋಡೆ ಕಟ್ಟಿದ ದೊಡ್ಡ ಮೇಸ್ತ್ರಿ, ಕರಿಗಲ್ಲಲ್ಲದೆ ಇನ್ನೇನು ಅಂದ. ಅವನೂ ಗುಳುಂ. ಆಸ್ಥಾನದ ಪಂಡಿತ ಶಾಲು ಸರಿಮಾಡಿಕೊಂಡು, ಅದು ಸಹನೆ, ಸಹನೆಯೇ ಪರಮ ಧರ್ಮ ಅಂತ ಶ್ಲೋಕ ಶುರುಮಾಡಿದ. ಶ್ಲೋಕ ಅರ್ಧದಲ್ಲೇ ನಿಂತಿತು. ಆಮೇಲೆ ಮುಂದೆ ಬರುವವರೇ ಇಲ್ಲ. ಅವತ್ತೇ ಹುಣ್ಣಿಮೆ.

ಚಿಕ್ಕತಾಯಿ ಜನರನ್ನು ಸರಿಸಿ ಬಂದಳು. ಚಾಪೆಯವಳಿಗೆ ಏನು ಗೊತ್ತು ಅಂತ ಮಂತ್ರಿ ನಕ್ಕ.

"ಅದು ಜೊಂಡು, ತಾಯಿ" ಅಂದಳು. "ಅಲೆ ಬಡಿಯುತ್ತೆ, ಜೊಂಡು ಬಾಗುತ್ತೆ. ನೂರು ಕಡ್ಡಿ ದಾಟುವಷ್ಟರಲ್ಲಿ ಅಲೆಗೆ ಉಸಿರಿರಲ್ಲ. ನಾವು ನೀರಿನ ಮೇಲೆ ಒಂದು ಗೇಣು ಬಿಟ್ಟು ಕೊಯ್ತಿದ್ವಿ, ಬೇರು ಮುಟ್ತಿರಲಿಲ್ಲ. ಇವರು ಬೇರನ್ನೇ ಕಿತ್ತರು."

ರಕ್ಕಸಿ ತಲೆಯಾಡಿಸಿ ಎರಡನೆಯದು ಕೇಳಿದಳು. "ನೆಟ್ಟಗೆ ನಿಂತಷ್ಟೂ ತನ್ನ ಕಾಲಡಿಯ ಮಣ್ಣನ್ನು ತಾನೇ ತೋಡಿಸಿಕೊಳ್ಳೋ ಪೆದ್ದ ಯಾರು?"

"ಈ ಗೋಡೆ. ಅಲೆಗೆ ಮುಂದೆ ಹಾದಿ ಇಲ್ಲ, ಕೆಳಗಿಳಿದು ಬುಡ ಕೆರೆಯುತ್ತೆ. ದಡ ಅಂದರೆ ಕರು ಇಳಿದು ನೀರು ಕುಡಿದು ಹತ್ತಿ ಬರೋ ಹಾಗಿರಬೇಕು."

ಮೂರನೆಯದಕ್ಕೆ ರಕ್ಕಸಿಯ ದನಿ ತಗ್ಗಿತು. "ಆರು ತಿಂಗಳು ನೀರಿನದು, ಆರು ತಿಂಗಳು ನೆಲದ್ದು. ಒಬ್ಬರದಲ್ಲ, ಎಲ್ಲರದು. ಅದನ್ನು ಕದ್ದವನು ಇಲ್ಲೇ ನಿಂತವನೆ. ಕದ್ದದ್ದೇನು, ಕದ್ದವನ್ಯಾರು?"

ಮಂತ್ರಿಯ ನಗೆ ಅಡಗಿತು. ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು. "ನಾಲಿಗೆ ನೋಡಿಕೊಂಡು ಆಡಿಸು, ಹುಡುಗಿ" ಅಂದ. ತಪ್ಪು ಹೇಳಿದರೆ ರಕ್ಕಸಿಯ ಬಾಯಿ, ಸರಿ ಹೇಳಿದರೆ ರಾಜನ ಕತ್ತಿ. ಚಿಕ್ಕತಾಯಿ ಜನರ ಕಡೆ ತಿರುಗಿದಳು. ಗುಂಪಿನಲ್ಲಿ ಮನೆ ಕಳೆದುಕೊಂಡ ಅಗಸರ ಮುದುಕಿ ಬಟ್ಟೆಗಂಟನ್ನು ಮಗುವಿನ ಹಾಗೆ ಅವುಚಿಕೊಂಡು ನಿಂತಿದ್ದಳು. ಅದನ್ನು ನೋಡಿದ ಮೇಲೆ ಚಿಕ್ಕತಾಯಿಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಯಿತು.

"ಕದ್ದದ್ದು ಕೆರೆಯಂಗಳ. ಮಳೆಗಾಲದಲ್ಲಿ ಕೆರೆ ಕಾಲು ಚಾಚಿ ಮಲಗೋ ಜಾಗ. ಕದ್ದವರು ನೀವು, ಬುದ್ಧಿ. ಅದರ ಮೇಲೆ ಮಲ್ಲಿಗೆ ಬೆಳೆಸಿದಿರಿ. ಮಲಗಕ್ಕೆ ಜಾಗ ಸಿಗದೆ ಅದು ಅಗಸರ ಬೀದಿಗೆ ಹೋಯಿತು. ಕಳ್ಳತನ ನಿಮ್ಮದು, ಮನೆ ಹೋದದ್ದು ಇವರದು."

ರಾಜ ಕತ್ತಿ ಎಳೆದ. ರಕ್ಕಸಿ ಒದ್ದೆಕೈಯನ್ನು ದಡದ ಮೇಲಿಟ್ಟಳು. "ಅವಳ ಕೂದಲು ಕೊಂಕಿದರೆ ನಾಲ್ಕನೆಯ ತುತ್ತು ನೀನು. ಮೂರಕ್ಕೆ ಮೂರೂ ಸರಿ." ಕತ್ತಿ ತಾನಾಗಿ ಒರೆಗೆ ಹೋಯಿತು. ಏನು ಬೇಕು ಕೇಳು ಅಂತ ರಾಜ ನೆಲ ನೋಡುತ್ತ ಗೊಣಗಿದ.

ಚಿನ್ನ ಕೇಳಲಿಲ್ಲ ಅವಳು. ಕೆರೆಯಂಗಳ ಕೆರೆಗೆ, ಹದಿನೆಂಟು ಮನೆ ಚಾಪೆಯವರಿಗೆ, ಮಂಟಪದ ಕಲ್ಲು ಅಗಸರ ಏಳು ಮನೆಗೆ ಅಂದಳು. ರಕ್ಕಸಿ ನುಂಗಿದ ಮೂವರನ್ನೂ ಕೆಸರು ಮೆತ್ತಿದ ಹಾಗೇ ಹೊರಗೆ ಉಗುಳಿ, ನೀರೊಳಗೆ ಇಳಿದುಹೋದಳು. ಚಿಕ್ಕತಾಯಿ ಆ ಮೂವರ ತಲೆಗೂ ಮಣ್ಣಿನ ಮಂಕರಿ ಹೊರಿಸಿದಳು. ಪಂಡಿತನಿಗೆ ಸಹನೆ ಅಂದರೇನು ಅಂತ ಆಗ ತಿಳಿಯಿತು.

ಅಳಿದುಳಿದ ಗೋಡೆ ಬಿಚ್ಚಿ ಕಲ್ಲನ್ನು ಇಳಿಜಾರಿಗೆ ಹಾಸಿದರು. ಚಾಪೆಯವರು ಚಾಪೆಯೊಳಗೆ ಮಣ್ಣು, ಜೊಂಡಿನ ಬೇರು ಇಟ್ಟು ಸುರುಳಿ ಸುತ್ತಿದರು. ಸುರುಳಿಗಳನ್ನು ನೀರಿನಂಚಿಗೆ ಸಾಲಾಗಿ ಮಲಗಿಸಿ ಬಿದಿರುಗೂಟ ಹೊಡೆದರು. ಚಾಪೆ ಕೊಳೆಯುವಷ್ಟರಲ್ಲಿ ಬೇರು ಮಣ್ಣು ಹಿಡಿಯಿತು. ಮುಂದಿನ ಮಳೆಗೆ ಕೆರೆ ಅಂಗಳದ ತುಂಬ ಮಲಗಿತು, ಒಂದು ಮನೆಯ ಹೊಸಿಲನ್ನೂ ಮುಟ್ಟಲಿಲ್ಲ.

ಒಂದು ದಿನ ರಾಜ ಕೆರೆ ನೋಡಲು ಬಂದ. ಚಿಕ್ಕತಾಯಿ ಹೊಸ ಜೊಂಡನ್ನು ಒಂದು ಗೇಣು ಬಿಟ್ಟು ಕೊಯ್ಯುತ್ತಿದ್ದಳು. ದಡದಿಂದ ಹತ್ತು ಮಾರು ಊರ ಕಡೆಗೆ ಒಂದು ಚಾಪೆ ಹಾಸಿ ಅಂದಳು, "ಇಲ್ಲಿ ಕೂತು ನೋಡಿ, ಬುದ್ಧಿ. ಇಲ್ಲಿಗೆ ನಿಮ್ಮ ನೆಲ ಮುಗೀತು."

ರಾಜ ಕೂತ. ಅವರ ಕೆರೆ ಅಂಗಳ ಸೇರಿತು, ನಮ್ಮ ಕತೆ ದಡ ಸೇರಿತು.