ಬಲೆ ನೇಯದ ಜೇಡ

ಶಂಭುಲಿಂಗನಿಗೆ ಅಂದು ಬೆಳಗಿನಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸಂಜೆ ನದಿಯ ದಡದಲ್ಲಿ ಅವನ ಮೊದಲ ಪ್ರವಚನ. ಕೇಳಲು ಬಂದವರು ನಡುವೆ ಎದ್ದು ಹೋದರೆ ಇನ್ನೊಂದು ವರ್ಷ ಮಠದ ಅಡುಗೆಮನೆಯೇ ಗತಿ ಎಂದು ಗುರುಗಳು ಮೊದಲೇ ಹೇಳಿಬಿಟ್ಟಿದ್ದರು.

“ಜೇಡ ತನ್ನೊಳಗಿನ ನೂಲಿನಿಂದಲೇ ಬಲೆ ನೇಯುವಂತೆ, ಶಿವನು ತನ್ನೊಳಗಿನಿಂದಲೇ ಈ ಜಗತ್ತನ್ನು…” ಎಂದು ಕಂಬದ ಮುಂದೆ ನಿಂತು ಒಪ್ಪಿಸುತ್ತಿದ್ದ.

ಗುರುಗಳು ಕೇಳಿದರು, “ಜೇಡಾನ ನೋಡಿದ್ದೀಯೇನಪ್ಪ?”

“ಪಾಠದಲ್ಲಿದೆ ಬುದ್ಧಿ.”

“ಹಿತ್ತಲಲ್ಲೂ ಇದೆ. ಹೋಗಿ ನೋಡ್ಕೊಂಡು ಬಾ.”

ಹಿತ್ತಲಿನ ತರಗೆಲೆಯಲ್ಲಿ ಬೂದಿ ಬಣ್ಣದ್ದೊಂದು ಸಿಕ್ಕಿತು. ಶಂಭುಲಿಂಗ ಬೋರಲು ಮಲಗಿ ಕಾದ. ಅದು ಓಡಿತು, ನಿಂತಿತು, ಮತ್ತೆ ಓಡಿತು. ಬಲೆಯ ಸುದ್ದಿಯೇ ಇಲ್ಲ. ಕಲ್ಲಿನ ಸಂದಿಯಲ್ಲಿ ಪಟ್ಟೆಯದ್ದು, ಬಿಲದ ಬಾಯಲ್ಲಿ ಚುಕ್ಕೆಯದ್ದು. ಬಣ್ಣ ಬೇರೆ, ಕುಲ ಒಂದೇ. ಒಂದೂ ನೇಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಅಳುವೇ ಬಂತು.

“ಬುದ್ಧಿ, ನಮ್ಮ ಹಿತ್ತಲಿನ ಜೇಡಗಳೆಲ್ಲ ಶುದ್ಧ ಸೋಮಾರಿಗಳು! ಒಂದಾದ್ರೂ ಬಲೆ ನೇಯ್ಬಾರ್ದಾ?”

“ಪಾಪ, ಅವು ನೆಲದಲ್ಲೇ ಓಡಿ ಬೇಟೆ ಹಿಡಿಯೋ ಜೇಡಗಳು. ನಿನ್ನ ಪಾಠ ಓದಿಲ್ಲ,” ಎಂದು ಗುರುಗಳು ನಕ್ಕರು.

“ಹಾಗಾದ್ರೆ ಸಂಜೆ ನಾನೇನು ಹೇಳ್ಲಿ?”

ಗುರುಗಳು ಹಲಸಿನ ತೊಳೆಯೊಂದನ್ನು ಅವನ ಕೈಗಿಟ್ಟರು. “ಮೊದಲು ಇದನ್ನ ತಿನ್ನು.”

ಸಂಜೆ ಜನ ಸೇರಿದರು. ಬೇರೆ ದಾರಿ ಕಾಣದೆ ಶಂಭುಲಿಂಗ ಪಾಠವನ್ನೇ ಹಿಡಿದ. “ಜೇಡ ತನ್ನೊಳಗಿನ ನೂಲಿನಿಂದಲೇ…” ಹಿಂದಿನ ಸಾಲಿನವರು ಆಕಳಿಸಿದರು. ಒಬ್ಬರು ಚಪ್ಪಲಿ ಹುಡುಕತೊಡಗಿದರು.

ಆಗಲೇ ಅವನ ಶಾಲಿನ ಅಂಚಿಗೆ ನೆಲದ ಜೇಡವೊಂದು ಹತ್ತಿತು.

“ಅಯ್ಯಯ್ಯೋ!” ಶಂಭುಲಿಂಗ ಬೆಚ್ಚಿ ಎದ್ದುನಿಂತ. ಸಭೆಯೆಲ್ಲ ಗೊಳ್ಳೆಂದಿತು. ಪಾಠ ತಲೆಯಿಂದ ಹಾರಿಹೋಯಿತು.

ಬಗ್ಗಿ ನೋಡಿದರೆ, ಅದರ ಬೆನ್ನ ತುಂಬ ಸಾಸಿವೆಯಂಥ ಮರಿಗಳು!

“ತಡೀರಿ, ತಡೀರಿ! ತಾಯಿ ಬಂದಿದಾಳೆ, ಮಕ್ಕಳನ್ನೆಲ್ಲ ಹೊತ್ಕೊಂಡು! ಅಯ್ಯೋ, ಒಂದು ಬಿತ್ತು… ನಿಂತ್ಲು. ಅದು ಅವಳ ಕಾಲು ಹಿಡ್ಕೊಂಡು ಹತ್ತುತಾ ಇದೆ… ಹತ್ತು ಮಗಾ, ಹತ್ತು!”

ಜನ ಎದ್ದರು, ನಿಜ. ಆದರೆ ಮನೆಗೆ ಹೋಗಲಲ್ಲ, ಹತ್ತಿರ ಬಂದು ನೋಡಲು. ಮರಿ ಬೆನ್ನು ಸೇರಿದಾಗ ಚಪ್ಪಲಿ ಹುಡುಕುತ್ತಿದ್ದವರೂ ಚಪ್ಪಾಳೆ ತಟ್ಟಿದರು. ಶಂಭುಲಿಂಗನ ಸಂತೋಷಕ್ಕೆ ಮೇರೆಯೇ ಇರಲಿಲ್ಲ.

ಎಲ್ಲರೂ ನಗುತ್ತ ಮನೆಗೆ ಹೊರಟ ಮೇಲೆ ಅವನಿಗೆ ಎಚ್ಚರವಾಯಿತು. “ಬುದ್ಧಿ, ಶಿವನ ಹೆಸರನ್ನೇ ಎತ್ತಲಿಲ್ಲ ನಾನು. ನಾಳೆಯಿಂದ ಅಡುಗೆಮನೆಯಾ?”

“ಅಡುಗೆಮನೆ ಬೇಡ, ಹಿತ್ತಲು ಗುಡಿಸು. ನಿಧಾನ ಕಣಪ್ಪ, ತರಗೆಲೆಯೊಳಗೆ ನಿನ್ನ ಗುರುಗಳು ಮಕ್ಕಳುಮರಿ ಕಟ್ಕೊಂಡು ಓಡಾಡ್ತಿರ್ತಾರೆ.”